ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗೆ ಹೊಸ ಎಸ್‌ಎಸ್‌ಡಿ: ಪಾರ್ಟಿಷನ್ ಹಂಚಿದ ಲೆಕ್ಕ

ತಿಪಟೂರಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಎಲ್ಲಾ ಕೆಲಸವೂ ಒಂದೇ ಕಂಪ್ಯೂಟರ್‌ನಲ್ಲಿ. ಆರನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಕ್ಟೋಬರ್ 14, 2025ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಏರ್ಪಾಡು ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಯದು ಬೇಕು ಅನ್ನುತ್ತದೆ. ಇದರ ಜೊತೆಗೆ ಸಿ ಡ್ರೈವ್ ಯಾವಾಗಲೂ ಕೆಂಪು ಗೆರೆ ತೋರಿಸುತ್ತಿತ್ತು. ಫೈಲ್ ಸೇವ್ ಮಾಡುವಾಗ ಕಂಪ್ಯೂಟರ್ ಸುಮ್ನೆ ಕೂತುಬಿಡುತ್ತಿತ್ತು.

ಕಂಪ್ಯೂಟರ್ ಬದಲಿಸುವಷ್ಟು ಕೆಟ್ಟಿಲ್ಲ. ಹಾಗಾಗಿ 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಂದು, ಅದರಲ್ಲಿ ಲಿನಕ್ಸ್ ಮಿಂಟ್ 22 (ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ಸಿಸ್ಟಂ) ಮತ್ತು ವಿಂಡೋಸ್ 10 ಎರಡನ್ನೂ ಇಡುವುದು ಅಂತ ತೀರ್ಮಾನ ಮಾಡಿದೆವು. ಇಮೇಲ್, ವಾಟ್ಸಾಪ್, ಬ್ಯಾಂಕು, ಬ್ರೌಸರ್ ಎಲ್ಲಾ ಲಿನಕ್ಸ್‌ನಲ್ಲಿ. ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪಿಂಗ್‌ನ ನುಡಿ ಮಾತ್ರ ವಿಂಡೋಸ್‌ನಲ್ಲಿ, ಅದಕ್ಕೆ ಇಂಟರ್ನೆಟ್ ಇಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಆದರೂ ಕನ್ನಡದ ಎಷ್ಟೋ ಅಂಗಡಿಗಳು ಅದನ್ನು ಬಿಟ್ಟಿಲ್ಲ. ಬಿಡುವುದು ಸುಲಭವೂ ಅಲ್ಲ, ಏಕೆಂದರೆ ವರ್ಷಗಟ್ಟಲೆ ಮಾಡಿದ ಕೆಲಸ ಆ ಫೈಲುಗಳಲ್ಲಿದೆ, ಅದೂ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ. ಲಿನಕ್ಸ್ ಒಳಗೇ ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್) ವಿಂಡೋಸ್ ಓಡಿಸಬಹುದಿತ್ತು. 8 ಜಿಬಿ ರ‍್ಯಾಮ್‌ನಲ್ಲಿ ಎರಡನ್ನೂ ಓಡಿಸಿದರೆ ಎರಡೂ ತೆವಳುತ್ತವೆ ಅಂತ ಅದನ್ನು ಕೈಬಿಟ್ಟೆ.

ಇಲ್ಲಿ ಇನ್‌ಸ್ಟಾಲ್ ಮಾಡುವುದಕ್ಕಿಂತ ಪಾರ್ಟಿಷನ್ ಹಂಚುವುದೇ, ಅಂದರೆ ಡಿಸ್ಕನ್ನು ಪಾಲು ಮಾಡುವುದೇ, ದೊಡ್ಡ ಕೆಲಸ. ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲು ಅಳತೆ

ಹಳೇ ಡಿಸ್ಕ್‌ನಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟವರು ಸಿಗೆ 100 ಜಿಬಿ ಕೊಟ್ಟು, ಉಳಿದದ್ದನ್ನು ಡಿ, ಇ, ಎಫ್ ಎಂದು ಮೂರು ಪಾಲು ಮಾಡಿದ್ದರು. ನಮ್ಮ ಕಡೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ, ಅಲ್ವಾ? ಒಳಗೆ ಏನು ಬರುತ್ತದೆ ಅಂತ ಯಾರೂ ಕೇಳಿರುವುದಿಲ್ಲ.

ವಿನ್‌ಡರ್‌ಸ್ಟ್ಯಾಟ್ ಹಾಕಿ ಒಂದೊಂದೇ ಡ್ರೈವ್ ನೋಡಿದೆ. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ಅದು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಸಿ ಡ್ರೈವ್‌ನಲ್ಲಿ ವಿಂಡೋಸ್ ಮತ್ತು ಪ್ರೋಗ್ರಾಂಗಳು ಸೇರಿ ಸುಮಾರು 45 ಜಿಬಿ. ಹೈಬರ್ನೇಷನ್ ಫೈಲು (ಕಂಪ್ಯೂಟರ್ ಮಲಗುವಾಗ ತನ್ನ ನೆನಪನ್ನು ಬರೆದಿಡುವುದು) 3 ಜಿಬಿಗಿಂತ ಸ್ವಲ್ಪ ಜಾಸ್ತಿ, ಪೇಜ್ ಫೈಲು (ರ‍್ಯಾಮ್ ಸಾಲದಾಗ ಬಳಸುವುದು) ಇನ್ನಷ್ಟು. ಉಳಿದದ್ದೆಲ್ಲ ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್. ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ, ಪಿಡಿಎಫ್, ಗಣಪತಿಯ ಚಿತ್ರ, ಕಲ್ಯಾಣ ಮಂಟಪದ ಮ್ಯಾಪು, ಇವೆಲ್ಲ ಬಂದು ಬೀಳುವ ಜಾಗ ಅದು. ಸುಮಾರು 35 ಜಿಬಿ ಇತ್ತು. ಡಿ ಡ್ರೈವ್ ಹೆಚ್ಚುಕಡಿಮೆ ಖಾಲಿ. ಇ ಡ್ರೈವ್‌ನಲ್ಲಿ ಕೆಲಸದ ಫೈಲುಗಳು, ಸುಮಾರು 95 ಜಿಬಿ.

ಎಫ್ ಡ್ರೈವ್ ತೆರೆದರೆ ಅಲ್ಲಿ ಇ ಡ್ರೈವ್‌ನದೇ ಕಾಪಿ. "ಏನಾದರೂ ಆದರೆ ಇರಲಿ ಅಂತ ತಿಂಗಳಿಗೊಂದು ಸಲ ಎಫ್‌ಗೆ ಹಾಕ್ತೀನಪ್ಪ, ಬ್ಯಾಕಪ್ಪು" ಅಂದರು ಚಿಕ್ಕಪ್ಪ. ಕ್ಯಾಬಿನೆಟ್ ಬಿಚ್ಚಿ ಡಿಸ್ಕ್ ತೋರಿಸಿದೆ. "ಚಿಕ್ಕಪ್ಪ, ಸಿ, ಡಿ, ಇ, ಎಫ್ ನಾಲ್ಕೂ ಇದೊಂದರ ಒಳಗೇ ಇವೆ. ಇದು ಹೋದರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗಾದರೆ ಇನ್ನೊಂದು ಡಿಸ್ಕು ತಗೊಂಡು ಬಾ" ಅಂದರು. ಪಾರ್ಟಿಷನ್ ಅನ್ನುವುದು ಒಂದೇ ಡಿಸ್ಕ್‌ನ ಮೇಲೆ ಎಳೆದ ಗೆರೆ ಅಷ್ಟೇ. ವಿಂಡೋಸ್ ಕೆಟ್ಟು ಮತ್ತೆ ಹಾಕಬೇಕಾದಾಗ ಇ ಡ್ರೈವ್ ಉಳಿಯುತ್ತದೆ, ಅದು ನಿಜ. ಡಿಸ್ಕೇ ಕೆಟ್ಟರೆ ಗೆರೆ ಏನೂ ಮಾಡುವುದಿಲ್ಲ.

ಯುಎಸ್‌ಬಿ ಎಕ್ಸ್‌ಟರ್ನಲ್ ಡಿಸ್ಕ್ ಬಂದ ಮೇಲೆ ಮೊದಲು ಮಾಡಿದ ಕೆಲಸ ಹಳೇ ಡಿಸ್ಕ್‌ನ ಆರೋಗ್ಯ ನೋಡಿದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಂಡ ಲೆಕ್ಕ, ಬರುತ್ತದೆ. ಅದರಲ್ಲಿ 05 ಮತ್ತು ಸಿ5 ಸಾಲುಗಳನ್ನು ನೋಡಬೇಕು. 05 ಅಂದರೆ ಕೆಟ್ಟು, ಬೇರೆ ಕಡೆಗೆ ಬದಲಾಯಿಸಿದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳು). ಸಿ5 ಅಂದರೆ ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. ಎರಡೂ ಸೊನ್ನೆ ಇದ್ದವು. ಇಲ್ಲದಿದ್ದರೆ ಬೇರೆ ಏನೂ ಮಾಡದೆ ಮೊದಲು ಕಾಪಿ ತೆಗೆಯಬೇಕಾಗುತ್ತಿತ್ತು. ನಾನು ಹೇಗೂ ಕಾಪಿಯನ್ನೇ ಮೊದಲು ಮಾಡಿದೆ. ಲಿನಕ್ಸ್ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್) ಬೂಟ್ ಮಾಡಿ, ಹಳೇ ಡಿಸ್ಕನ್ನು ಓದಲು ಮಾತ್ರ ತೆರೆದು, ಆರ್‌ಸಿಂಕ್ ಅನ್ನುವ ಕಾಪಿ ಪ್ರೋಗ್ರಾಂನಿಂದ ಎಕ್ಸ್‌ಟರ್ನಲ್‌ಗೆ ಹಾಕಿದೆ. ಆಮೇಲೆ ಚೆಕ್‌ಸಮ್ ಆಯ್ಕೆ ಕೊಟ್ಟು ಅದನ್ನೇ ಇನ್ನೊಮ್ಮೆ ಓಡಿಸಿದೆ. ಆಗ ಅದು ಎರಡೂ ಕಡೆಯ ಫೈಲುಗಳನ್ನು ಪೂರ್ತಿ ಓದಿ ಹೋಲಿಸುತ್ತದೆ. ನಿಧಾನ, ಆದರೆ ನೆಮ್ಮದಿ.

ಎಂಬಿಆರ್ ಬಿಟ್ಟು ಜಿಪಿಟಿಗೆ

ಡಿಸ್ಕ್‌ನಲ್ಲಿ ಪಾರ್ಟಿಷನ್ ಪಟ್ಟಿ ಬರೆದಿಡುವ ಹಳೇ ಪದ್ಧತಿ ಎಂಬಿಆರ್, ಹೊಸದು ಜಿಪಿಟಿ. ಹಳೇ ಡಿಸ್ಕ್ ಎಂಬಿಆರ್ ಪದ್ಧತಿಯದು. ಅದರಲ್ಲಿ ಪಾರ್ಟಿಷನ್ ಪಟ್ಟಿ ಇರುವುದು ಡಿಸ್ಕ್‌ನ ಮೊದಲ ಸೆಕ್ಟರ್‌ನಲ್ಲಿ. ಆ 512 ಬೈಟ್‌ಗಳಲ್ಲಿ ಪಟ್ಟಿಗೆ ಸಿಗುವುದು 64 ಬೈಟ್. ಒಂದು ಪಾರ್ಟಿಷನ್ ವಿವರಕ್ಕೆ 16 ಬೈಟ್ ಬೇಕು. ಹಾಗಾಗಿ ನಾಲ್ಕೇ ನಾಲ್ಕು ಪ್ರೈಮರಿ ಪಾರ್ಟಿಷನ್. ಐದನೆಯದು ಬೇಕೆಂದರೆ ಒಂದನ್ನು ಎಕ್ಸ್‌ಟೆಂಡೆಡ್ ಮಾಡಿ ಅದರೊಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ಸರಪಳಿಯಂತೆ ಇಡಬೇಕು. ನಾಲ್ಕು ಪಾರ್ಟಿಷನ್‌ನ ಈ ಪಟ್ಟಿ 1983ರಲ್ಲಿ ಪಿಸಿ ಡಾಸ್ 2.0 ಬಂದಾಗಿನ ಏರ್ಪಾಡು. ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಇರುವುದರಿಂದ 2 ಟಿಬಿ ಆಚೆಗೆ ಅದಕ್ಕೆ ಲೆಕ್ಕವೇ ಸಿಗುವುದಿಲ್ಲ.

ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್‌ಗೆ ಜಾಗ ಇರುತ್ತದೆ. ಎಕ್ಸ್‌ಟೆಂಡೆಡ್, ಲಾಜಿಕಲ್ ಅನ್ನುವ ತಲೆನೋವಿಲ್ಲ. ನನಗೆ ಇನ್ನೂ ಇಷ್ಟವಾಗುವ ವಿಷಯ ಬೇರೆ. ಪಟ್ಟಿಯ ಇನ್ನೊಂದು ಕಾಪಿ ಡಿಸ್ಕ್‌ನ ಕೊನೆಯಲ್ಲೂ ಇರುತ್ತದೆ, ಮೊದಲಿನದು ಕೆಟ್ಟರೆ ಅದರಿಂದ ಸರಿಮಾಡಬಹುದು. ವಿಂಡೋಸ್ ಜಿಪಿಟಿ ಡಿಸ್ಕ್‌ನಿಂದ ಬೂಟ್ ಆಗಬೇಕಾದರೆ ಯುಇಎಫ್‌ಐ (ಹಳೇ ಬಯಾಸ್‌ನ ಜಾಗಕ್ಕೆ ಬಂದ, ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ) ಬೇಕು. ಬಯಾಸ್‌ಗೆ ಹೋಗಿ ಹಳೇ ಪದ್ಧತಿಯಲ್ಲಿ ಬೂಟ್ ಮಾಡಿಸುವ ಸಿಎಸ್‌ಎಂ ಆಫ್ ಮಾಡಿ ಯುಇಎಫ್‌ಐ ಮಾತ್ರ ಇಟ್ಟೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಸಿಸ್ಟಂ ಮಾತ್ರ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆನ್ ಇದ್ದರೂ ಮಿಂಟ್ ಬೂಟ್ ಆಗುತ್ತದೆ.

ಹಾಳೆಯ ಮೇಲೆ ಹಂಚಿಕೆ

500 ಜಿಬಿ ಎಂದು ಡಬ್ಬಿಯ ಮೇಲೆ ಇದ್ದರೂ ಪಾರ್ಟಿಷನ್ ಮಾಡುವ ಪ್ರೋಗ್ರಾಂ ತೋರಿಸುವುದು 465. ಮೋಸ ಏನಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಪ್ರೋಗ್ರಾಂ 1024ರ ಲೆಕ್ಕ ಹಿಡಿಯುತ್ತದೆ. ಮುಂದೆ ನಾನು ಹೇಳುವ ಜಿಬಿ ಎಲ್ಲಾ 1024ರ ಲೆಕ್ಕದ್ದು. ಹಂಚುವಾಗ ಒಂದೇ ಲೆಕ್ಕ ಹಿಡಿಯದಿದ್ದರೆ ಕೊನೆಗೆ ಮೂವತ್ತು ಜಿಬಿ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಪಾರ್ಟಿಷನ್ ಎಷ್ಟು ಬೇಕು ಅನ್ನುವುದಕ್ಕೆ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಯಾವುದನ್ನು ಒಂದು ದಿನ ಅಳಿಸಿ ಮತ್ತೆ ಹಾಕಬೇಕಾಗುತ್ತದೆ, ಯಾವುದನ್ನು ಯಾವತ್ತೂ ಅಳಿಸಬಾರದು? ಗೆರೆ ಬೀಳಬೇಕಾದದ್ದು ಅವೆರಡರ ನಡುವೆ. ಫೋಟೋಗೊಂದು, ಹಾಡಿಗೊಂದು, ಫಾಂಟ್‌ಗೊಂದು ಡ್ರೈವ್ ಮಾಡುವುದು ಬೇಡ, ಅದಕ್ಕೆ ಫೋಲ್ಡರ್ ಸಾಕು. ಪಾರ್ಟಿಷನ್ ಜಾಸ್ತಿ ಆದಷ್ಟೂ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ. ಹಳೇ ಡಿಸ್ಕ್‌ನಲ್ಲಿ ಆದದ್ದೇ ಅದು. ಸಿ ಉಸಿರುಗಟ್ಟುತ್ತಿತ್ತು, ಪಕ್ಕದ ಡಿಯಲ್ಲಿ ಏನೂ ಇರಲಿಲ್ಲ.

ಈ ಅಂಗಡಿಯಲ್ಲಿ ವಿಂಡೋಸ್ ಒಂದು ದಿನ ಅಳಿಸಿಹೋಗುವಂಥದ್ದು. ಮಿಂಟ್ ಕೂಡ. ಬ್ರೌಸರ್‌ನ ಪಾಸ್‌ವರ್ಡು, ಸೆಟ್ಟಿಂಗು ಇರುವ, ಲಿನಕ್ಸ್‌ನಲ್ಲಿ ಹೋಮ್ ಅನ್ನುವ ಭಾಗ ಉಳಿದರೆ ಒಳ್ಳೆಯದು. ಕೆಲಸದ ಫೈಲು ಉಳಿಯಲೇಬೇಕು, ಅದೂ ಎರಡೂ ಕಡೆಯಿಂದ ಕಾಣಬೇಕು. ಇಷ್ಟು ಇಟ್ಟುಕೊಂಡು ಎಡದಿಂದ ಬಲಕ್ಕೆ ಹೀಗೆ ಬರೆದೆ (ಫ್ಯಾಟ್32, ಎನ್‌ಟಿಎಫ್‌ಎಸ್, ಎಕ್ಸ್ಟ್4 ಇವು ಫೈಲ್‌ಸಿಸ್ಟಂ, ಅಂದರೆ ಫೈಲುಗಳನ್ನು ಜೋಡಿಸಿಡುವ ಪದ್ಧತಿಗಳು):

ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲುಗಳಿಗೆ), 1 ಜಿಬಿ, ಫ್ಯಾಟ್32
ಎಂಎಸ್‌ಆರ್, 16 ಎಂಬಿ (ವಿಂಡೋಸ್‌ಗೆ ಬೇಕು, ಒಳಗೆ ಏನೂ ಇರುವುದಿಲ್ಲ)
ವಿಂಡೋಸ್, 120 ಜಿಬಿ, ಎನ್‌ಟಿಎಫ್‌ಎಸ್
ಲಿನಕ್ಸ್ ರೂಟ್ (ಮಿಂಟ್ ಮತ್ತು ಅದರ ಪ್ರೋಗ್ರಾಂಗಳಿಗೆ), 60 ಜಿಬಿ, ಎಕ್ಸ್ಟ್4
ಲಿನಕ್ಸ್ ಹೋಮ್, 40 ಜಿಬಿ, ಎಕ್ಸ್ಟ್4
ಕೆಲಸ, 200 ಜಿಬಿ, ಎನ್‌ಟಿಎಫ್‌ಎಸ್
ಉಳಿದ ಸುಮಾರು 44 ಜಿಬಿ, ಯಾರಿಗೂ ಕೊಟ್ಟಿಲ್ಲ

ಈ ಸಾಲಿನ ಕ್ರಮ ಸುಮ್ನೆ ಬಂದದ್ದಲ್ಲ. ಪಾರ್ಟಿಷನ್ ಬಲಗಡೆಗೆ ಬೆಳೆಯುವುದು ಸುಲಭ. ಬಲಪಕ್ಕದಲ್ಲಿ ಖಾಲಿ ಇದ್ದರೆ ಗೆರೆ ಸರಿಸಿದರೆ ಆಯಿತು, ಕೆಲವೇ ಕ್ಷಣದ ಕೆಲಸ. ಎಡಗಡೆಯ ಗೆರೆ ಸರಿಸುವುದು ಬೇರೆಯೇ ಕಥೆ. ಫೈಲ್‌ಸಿಸ್ಟಂ ಶುರುವಾಗುವ ಜಾಗವೇ ಬದಲಾಗುವುದರಿಂದ ಒಳಗಿನ ಡೇಟಾವನ್ನೆಲ್ಲ ಹೊಸ ಜಾಗಕ್ಕೆ ಹೊರಬೇಕು. ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಜಮೀನಿನ ಬದು ಹಾಗೆ ಇದು: ಪಕ್ಕದ ಹೊಲ ಬೀಳುಬಿದ್ದಿದ್ದರೆ ಸರಿಸಬಹುದು, ಬೆಳೆ ನಿಂತಿದ್ದರೆ ಆಗುವುದಿಲ್ಲ. ಆದ್ದರಿಂದ ಯಾವುದು ಬೆಳೆಯುತ್ತಲೇ ಹೋಗುತ್ತದೋ ಅದನ್ನು ಕೊನೆಗೆ ಇಟ್ಟು, ಅದರ ಬಲಕ್ಕೆ ಖಾಲಿ ಬಿಡಬೇಕು. ಇಲ್ಲಿ ಬೆಳೆಯುವುದು ಕೆಲಸದ ಫೈಲು. ವರ್ಷಕ್ಕೊಮ್ಮೆ ನೋಡಿ ಬೇಕಾದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಹಿಗ್ಗಿಸಬಹುದು. ಖಾಲಿ ಬಿಟ್ಟ ಜಾಗ ವ್ಯರ್ಥ ಅಂತ ಎಷ್ಟೋ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಾರ್ಟಿಷನ್ ಕುಗ್ಗಿಸುವುದಕ್ಕಿಂತ ಹಿಗ್ಗಿಸುವುದು ಯಾವತ್ತೂ ಸಲೀಸು. ಎಕ್ಸ್ಟ್4 ಅನ್ನು ಬಳಕೆಯಲ್ಲಿ ಇರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಲು ಅನ್‌ಮೌಂಟ್ ಮಾಡಲೇಬೇಕು, ಅಂದರೆ ಬಳಕೆಯಿಂದ ಬಿಡಿಸಲೇಬೇಕು. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಲಿನಕ್ಸ್ ಫೈಲ್‌ಸಿಸ್ಟಂ ಆದರೆ ಕುಗ್ಗಿಸುವ ಮಾತೇ ಬೇಡ.

ಇಎಫ್‌ಐಗೆ 1 ಜಿಬಿ ಯಾಕೆ? ವಿಂಡೋಸ್‌ಗೆ ಬಿಟ್ಟರೆ ಅದು 100 ಎಂಬಿ ಮಾಡುತ್ತದೆ. ಎರಡು ಸಿಸ್ಟಂನ ಬೂಟ್‌ಲೋಡರ್‌ಗೆ ಅಷ್ಟು ಸಾಕು. ಆದರೆ ಫರ್ಮ್‌ವೇರ್ ಅಪ್‌ಡೇಟ್‌ಗಳು ಕೂಡ ಅಲ್ಲಿಗೇ ಬಂದು ಕೂರುತ್ತವೆ. ಮುಂದೆ ಬೇರೆ ಲಿನಕ್ಸ್ ಹಾಕಿದರೆ ಅದು ಕರ್ನಲ್‌ಗಳನ್ನೇ (ಸಿಸ್ಟಂನ ತಿರುಳು) ಅಲ್ಲಿಡಬಹುದು. ಆ ಪಾರ್ಟಿಷನ್ ಎಲ್ಲರಿಗಿಂತ ಎಡಕ್ಕಿದೆ, ಬಲಕ್ಕೆ ವಿಂಡೋಸ್ ಕೂತಿದೆ, ಆಮೇಲೆ ಬೆಳೆಸಲು ದಾರಿಯಿಲ್ಲ. ಜನವರಿ 2024ರಲ್ಲಿ ವಿಂಡೋಸ್ 10ರ ಒಂದು ಸೆಕ್ಯುರಿಟಿ ಅಪ್‌ಡೇಟ್ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಎರರ್ ಕೊಟ್ಟು ನಿಂತದ್ದು ನಿಮಗೆ ನೆನಪಿರಬಹುದು. ಕಾರಣ ಇಷ್ಟೇ, ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇರಲಿಲ್ಲ. ಚಿಕ್ಕ ಪಾರ್ಟಿಷನ್‌ನಲ್ಲಿ ಜಿಪುಣತನ ಮಾಡಿದರೆ ಹೀಗಾಗುತ್ತದೆ.

ವಿಂಡೋಸ್‌ನಲ್ಲಿ ಅಳತೆಗೆ ಸಿಕ್ಕಿದ್ದು 45. ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಕೊಟ್ಟೆ. ಫೋಟೋಗಳು ಇನ್ನು ಅಲ್ಲಿ ಬೀಳುವುದಿಲ್ಲವಾದ್ದರಿಂದ ಸಾಕು. ಮಿಂಟ್ ಹಾಕಿದ ಕೂಡಲೇ 15 ಜಿಬಿ ಒಳಗೇ ಇರುತ್ತದೆ. ಆದರೆ ಫ್ಲಾಟ್‌ಪ್ಯಾಕ್ ಅನ್ನುವ ಪದ್ಧತಿಯಲ್ಲಿ ಪ್ರೋಗ್ರಾಂ ಹಾಕಿದಾಗ ಅವು ಹೋಮ್‌ಗೆ ಹೋಗದೆ ರೂಟ್‌ನಲ್ಲೇ ಕೂರುತ್ತವೆ, ಒಂದೊಂದು ಜೊತೆಯಲ್ಲಿ ಒಂದೆರಡು ಜಿಬಿ ಎಳೆದುಕೊಂಡು ಬರುತ್ತದೆ. ಅದಕ್ಕೇ 60.

ಸ್ವಾಪ್‌ಗೆ (ರ‍್ಯಾಮ್ ಸಾಲದಾಗ ಲಿನಕ್ಸ್ ಬಳಸುವ ಡಿಸ್ಕ್ ಜಾಗ) ಬೇರೆ ಪಾರ್ಟಿಷನ್ ಮಾಡಲಿಲ್ಲ. ರ‍್ಯಾಮ್‌ನ ಎರಡು ಪಟ್ಟು ಸ್ವಾಪ್ ಅನ್ನುವ ಮಾತು ರ‍್ಯಾಮ್ ತೀರಾ ಕಡಿಮೆ ಇದ್ದ ಕಾಲದ್ದು. ಈಗ ಹೈಬರ್ನೇಟ್ ಮಾಡುವವರಿಗೆ ಮಾತ್ರ ರ‍್ಯಾಮ್‌ನಷ್ಟು ಸ್ವಾಪ್ ಬೇಕು. ಎರಡು ಸಿಸ್ಟಂ ಒಂದೇ ಡೇಟಾ ಪಾರ್ಟಿಷನ್ ಹಂಚಿಕೊಂಡಿರುವ ಕಡೆ ಹೈಬರ್ನೇಟ್ ಮಾಡಲೇಬಾರದು, ಯಾಕೆ ಅಂತ ಮುಂದೆ ಹೇಳುತ್ತೇನೆ. ರೂಟ್ ಒಳಗೆ 4 ಜಿಬಿಯ ಸ್ವಾಪ್ ಫೈಲ್ ಇಟ್ಟೆ. ಸಾಲದಿದ್ದರೆ ಫೈಲ್ ದೊಡ್ಡದು ಮಾಡಿದರೆ ಮುಗಿಯಿತು. ಜಾಗ ಹಂಚುವ ತಲೆನೋವು ಕಡಿಮೆ ಮಾಡುವ ಎಲ್‌ವಿಎಂ, ಬಿಟಿಆರ್‌ಎಫ್‌ಎಸ್ ಎರಡೂ ಒಳ್ಳೆಯವೇ, ಲಿನಕ್ಸ್ ಒಂದೇ ಇರುವ ಯಂತ್ರದಲ್ಲಿ ನಾನೇ ಬಳಸುತ್ತೇನೆ. ಇಲ್ಲಿ ನಾಳೆ ಊರಿನ ಬೇರೆ ಯಾರಾದರೂ ರಿಪೇರಿಗೆ ಕೂತರೂ ಅರ್ಥವಾಗುವಂತಿರಬೇಕು ಅಂತ ಸರಳವಾಗಿ ಇಟ್ಟೆ.

ಕೆಲಸದ ಪಾರ್ಟಿಷನ್‌ಗೆ ಯಾವ ಫೈಲ್‌ಸಿಸ್ಟಂ

ಎರಡೂ ಕಡೆ ಓದಿ ಬರೆಯಲು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್, ಎರಡರಲ್ಲೊಂದು. ಎಕ್ಸ್‌ಫ್ಯಾಟ್‌ಗೆ ಜರ್ನಲ್, ಅಂದರೆ ಏನು ಬರೆಯಲು ಹೊರಟಿದೆ ಅನ್ನುವ ದಿನಚರಿ, ಇಲ್ಲ. ಬರೆಯುವಾಗ ಕರೆಂಟ್ ಹೋದರೆ ಏನು ಅರ್ಧಕ್ಕೆ ನಿಂತಿತು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಎನ್‌ಟಿಎಫ್‌ಎಸ್.

ಎಕ್ಸ್ಟ್4 ಮಾಡಿ ವಿಂಡೋಸ್‌ನಿಂದ ಏನಾದರೂ ಉಪಾಯದಲ್ಲಿ ಓದಬಹುದಲ್ಲ ಅಂತ ಕೇಳುವವರಿಗೆ ಕನ್ನಡದವರು ತಿಳಿದಿರಬೇಕಾದ ಒಂದು ವಿಷಯ ಹೇಳುತ್ತೇನೆ. ಎಕ್ಸ್ಟ್4ನಲ್ಲಿ ಫೈಲ್ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅವರಿಗೆ 255 ಅಕ್ಷರ. ಲಿನಕ್ಸ್ ಹೆಸರು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು, ಅಂದರೆ 85 ಚಿಹ್ನೆ. ಗುಣಿತದ ಗುರುತು, ಒತ್ತಕ್ಷರ ಮಾಡುವ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕ. "ಸ್ತ್ರೀ" ಅನ್ನುವ ಒಂದು ಅಕ್ಷರಕ್ಕೆ ಆರು ಚಿಹ್ನೆ, 18 ಬೈಟ್. "ಲಗ್ನಪತ್ರಿಕೆ"ಗೆ 33 ಬೈಟ್. ಎನ್‌ಟಿಎಫ್‌ಎಸ್ ಮಾತ್ರ ಹೆಸರನ್ನು ಯುಟಿಎಫ್-16ರಲ್ಲಿ ಇಡುತ್ತದೆ, ಅಲ್ಲಿ ಕನ್ನಡಕ್ಕೂ 255 ಚಿಹ್ನೆ ಪೂರ್ತಿ ಸಿಗುತ್ತದೆ. ಚಿಕ್ಕಪ್ಪ ಫೈಲ್‌ಗೆ ಹುಡುಗಿಯ ಹೆಸರು, ಹುಡುಗನ ಹೆಸರು, ಊರು, ಕಲ್ಯಾಣ ಮಂಟಪ, ಬಾಕಿ ಹಣ ಎಲ್ಲಾ ಸೇರಿಸಿ ಹೆಸರಿಡುತ್ತಾರೆ. ಅಂಥ ಫೈಲನ್ನು ಎಕ್ಸ್ಟ್4ಗೆ ಕಾಪಿ ಮಾಡಲು ಹೋದರೆ ಹೆಸರು ಉದ್ದವಾಯಿತು ಅಂತ ಲಿನಕ್ಸ್ ತಳ್ಳಿಬಿಡುತ್ತದೆ. ಬ್ಯಾಕಪ್ ಡಿಸ್ಕನ್ನೂ ಎನ್‌ಟಿಎಫ್‌ಎಸ್ ಆಗಿಯೇ ಇಟ್ಟದ್ದು ಇದಕ್ಕೇ.

ಹಾಕುವ ಕೆಲಸ

ಮೊದಲು ಹಳೇ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತಿಟ್ಟೆ. ಇದನ್ನು ಎಲ್ಲರಿಗೂ ಹೇಳುತ್ತೇನೆ. ಒಳಗೆ ಇಲ್ಲದ ಡಿಸ್ಕನ್ನು ಯಾರೂ ಫಾರ್ಮ್ಯಾಟ್ ಮಾಡಲು ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಎರಡು ಡಿಸ್ಕ್ ಇದ್ದಾಗ ವಿಂಡೋಸ್ ತನ್ನನ್ನು ಒಂದರಲ್ಲಿ ಹಾಕಿಕೊಂಡು ಬೂಟ್ ಫೈಲುಗಳನ್ನು ಇನ್ನೊಂದರಲ್ಲಿ ಇಡುವುದುಂಟು.

ವಿಂಡೋಸ್ ಇನ್‌ಸ್ಟಾಲರ್ ಮೊದಲ ಪರದೆ ಬಂದಾಗ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಪ್ಪು ಕಿಟಕಿ ಬರುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ತೆರೆದು, ಲಿಸ್ಟ್ ಡಿಸ್ಕ್ ಕೊಟ್ಟು, ತೋರಿಸಿದ ಗಾತ್ರ ನಮ್ಮ ಎಸ್‌ಎಸ್‌ಡಿಯದೇ ಅಂತ ನೋಡಿ ಆರಿಸಿದೆ. ಆಮೇಲೆ ಕ್ಲೀನ್, ಕನ್ವರ್ಟ್ ಜಿಪಿಟಿ. ನಂತರ ಇಎಫ್‌ಐ ಪಾರ್ಟಿಷನ್ 1024, ಎಂಎಸ್‌ಆರ್ 16, ಪ್ರೈಮರಿ 122880. ಇಲ್ಲಿ ಗಾತ್ರ ಎಂಬಿ ಲೆಕ್ಕದಲ್ಲಿ ಕೊಡಬೇಕು, 120ನ್ನು 1024ರಿಂದ ಗುಣಿಸಿದರೆ 122880. ಇಎಫ್‌ಐ ಪಾರ್ಟಿಷನನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಕಿಟಕಿ ಮುಚ್ಚಿ, ಇನ್‌ಸ್ಟಾಲ್ ಮುಂದುವರಿಸಿದೆ. ಇಷ್ಟು ಮಾಡದೆ ಖಾಲಿ ಡಿಸ್ಕ್ ತೋರಿಸಿ ಮುಂದೆ ಹೋದರೆ ವಿಂಡೋಸ್ ತನ್ನಿಷ್ಟದ ಗಾತ್ರದಲ್ಲೇ ಹಂಚಿಬಿಡುತ್ತದೆ.

ವಿಂಡೋಸ್ ಎದ್ದ ಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಕೊಟ್ಟ ಮೊದಲ ಕಮಾಂಡ್ ಪವರ್‌ಸಿಎಫ್‌ಜಿ /ಎಚ್ ಆಫ್. ಎರಡು ಸಿಸ್ಟಂ ಇರುವ ಕಂಪ್ಯೂಟರ್‌ನಲ್ಲಿ ಇದಕ್ಕಿಂತ ಮುಖ್ಯವಾದ ಸೆಟ್ಟಿಂಗ್ ಇಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ನೀವು ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಭಾಗವನ್ನು ಹೈಬರ್ನೇಟ್ ಮಾಡಿ ಮಲಗುತ್ತದೆ. ಎನ್‌ಟಿಎಫ್‌ಎಸ್ ಪಾರ್ಟಿಷನ್‌ಗಳು ಹೇಗಿದ್ದವು ಅನ್ನುವುದು ಅದರ ನೆನಪಿನಲ್ಲಿ ಇರುತ್ತದೆ. ಅಷ್ಟರಲ್ಲಿ ಲಿನಕ್ಸ್ ಬಂದು ಅಲ್ಲಿ ಬರೆದರೆ, ವಿಂಡೋಸ್ ಎದ್ದು ತನ್ನ ಹಳೇ ಲೆಕ್ಕವನ್ನೇ ನಂಬಿ ಮೇಲೆ ಬರೆಯುತ್ತದೆ. ಫೈಲು ಮಾಯ. ಲಿನಕ್ಸ್ ಹೀಗಾಗಬಾರದು ಅಂತಲೇ ಅಂಥ ಪಾರ್ಟಿಷನನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. "ಲಿನಕ್ಸ್‌ನಲ್ಲಿ ಸೇವ್ ಆಗುತ್ತಿಲ್ಲ" ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ. ಲಿನಕ್ಸ್ ಅನ್ನು ಹೈಬರ್ನೇಟ್ ಮಾಡಿ ವಿಂಡೋಸ್‌ಗೆ ಹೋದರೂ ಇದೇ ಅಪಾಯ. ಆ ಕಮಾಂಡ್ ಫಾಸ್ಟ್ ಸ್ಟಾರ್ಟಪ್, ಹೈಬರ್ನೇಷನ್ ಎರಡನ್ನೂ ತೆಗೆಯುತ್ತದೆ, ಜೊತೆಗೆ ಆ 3 ಜಿಬಿಯ ಫೈಲೂ ಹೋಗುತ್ತದೆ.

(ಲ್ಯಾಪ್‌ಟಾಪ್‌ನಲ್ಲಿ ಇದೇ ಕೆಲಸ ಮಾಡುವವರು ಇನ್ನೆರಡು ನೋಡಿಕೊಳ್ಳಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಅಥವಾ ರೇಡ್‌ನಲ್ಲಿದೆಯೇ ನೋಡಿ, ಅದು ಎಎಚ್‌ಸಿಐ ಆಗಬೇಕು.)

ಮಿಂಟ್ ಲೈವ್‌ನಲ್ಲಿ ಜಿಪಾರ್ಟೆಡ್ ತೆರೆದು ರೂಟ್ ಮತ್ತು ಹೋಮ್ ಪಾರ್ಟಿಷನ್ ಮಾಡಿದೆ. ಅಲೈನ್‌ಮೆಂಟ್ ಎಂಐಬಿ ಅಂತಲೇ ಇರಲಿ. ಇನ್‌ಸ್ಟಾಲರ್‌ನಲ್ಲಿ "ಸಮ್‌ಥಿಂಗ್ ಎಲ್ಸ್" ಆರಿಸಿ, ಯಾವುದು ರೂಟ್, ಯಾವುದು ಹೋಮ್ ಅಂತ ತೋರಿಸಿದೆ. ಇಎಫ್‌ಐ ಪಾರ್ಟಿಷನನ್ನು ಬಳಸು ಅಂತ ಹೇಳಬೇಕು, ಫಾರ್ಮ್ಯಾಟ್ ಮಾಡು ಅಂತ ಹೇಳಬಾರದು. ಅದರಲ್ಲಿ ವಿಂಡೋಸ್‌ನ ಬೂಟ್ ಫೈಲು ಇದೆ. ಮುಂದೆ ಮಿಂಟ್ ಮತ್ತೆ ಹಾಕುವಾಗಲೂ ರೂಟ್‌ಗೆ ಮಾತ್ರ ಫಾರ್ಮ್ಯಾಟ್ ಗುರುತು, ಹೋಮ್‌ಗೆ ಬೇಡ.

ಎಕ್ಸ್ಟ್4 ತಾನಾಗಿಯೇ ಶೇಕಡಾ 5ರಷ್ಟು ಜಾಗವನ್ನು ರೂಟ್ ಅನ್ನುವ ಅಡ್ಮಿನ್ ಬಳಕೆದಾರನಿಗೆ (ರೂಟ್ ಪಾರ್ಟಿಷನ್ ಬೇರೆ) ಮೀಸಲಿಡುತ್ತದೆ. ಸಿಸ್ಟಂ ಇರುವ ಪಾರ್ಟಿಷನ್‌ನಲ್ಲಿ ಅದು ಒಳ್ಳೆಯದು, ಡಿಸ್ಕ್ ತುಂಬಿದರೂ ಲಾಗಿನ್ ಆಗಿ ಸರಿಮಾಡಬಹುದು. ಹೋಮ್‌ನಲ್ಲಿ 40ಕ್ಕೆ 2 ಜಿಬಿ ಸುಮ್ನೆ ಹೋಗುತ್ತದೆ. ಟ್ಯೂನ್2ಎಫ್‌ಎಸ್ ಕಮಾಂಡ್‌ನಿಂದ ಅಲ್ಲಿ ಶೇಕಡಾ 1ಕ್ಕೆ ಇಳಿಸಿದೆ.

ಕೆಲಸದ ಪಾರ್ಟಿಷನ್ ಮಾತ್ರ ವಿಂಡೋಸ್‌ಗೆ ವಾಪಸ್ ಬಂದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮಾಡಿದೆ. ಎನ್‌ಟಿಎಫ್‌ಎಸ್ ಅನ್ನು ವಿಂಡೋಸ್‌ನ ಕೈಯಲ್ಲೇ ಫಾರ್ಮ್ಯಾಟ್ ಮಾಡಿಸುವುದು ನನ್ನ ಅಭ್ಯಾಸ. 204800 ಎಂಬಿ ಕೊಟ್ಟು, "ಕೆಲಸ" ಎಂದು ಕನ್ನಡದಲ್ಲೇ ಲೇಬಲ್ ಹಾಕಿದೆ. ಲಿನಕ್ಸ್‌ನ ಎರಡು ಪಾರ್ಟಿಷನ್ ಅಲ್ಲಿ ಹೆಸರಿಲ್ಲದೆ ಕಾಣುತ್ತವೆ. ಅವನ್ನು ಖಾಲಿ ಅಂದುಕೊಂಡು ಮುಟ್ಟಬೇಡಿ ಅಂತ ಚಿಕ್ಕಪ್ಪನಿಗೆ ತೋರಿಸಿ ಹೇಳಿದೆ.

ಇ ಡ್ರೈವ್ ಇ ಆಗಿಯೇ ಇರಬೇಕು

ಇದು ಡಿಟಿಪಿ ಕೆಲಸದವರಿಗೆ ಮಾತ್ರ ಹೊಳೆಯುವ ವಿಷಯ. ಪೇಜ್‌ಮೇಕರ್ ದೊಡ್ಡ ಫೋಟೋಗಳನ್ನು ಸಾಮಾನ್ಯವಾಗಿ ಫೈಲ್ ಒಳಗೆ ತುಂಬಿಕೊಳ್ಳದೆ, ಫೋಟೋ ಎಲ್ಲಿದೆ ಅನ್ನುವ ದಾರಿಯನ್ನು ಬರೆದಿಟ್ಟುಕೊಳ್ಳುತ್ತದೆ. ಆ ದಾರಿ ಶುರುವಾಗುವುದೇ ಡ್ರೈವ್ ಅಕ್ಷರದಿಂದ. ಹಳೇ ಕೆಲಸವೆಲ್ಲ ಇ ಡ್ರೈವ್‌ನಲ್ಲಿತ್ತು. ಹೊಸ ಪಾರ್ಟಿಷನ್‌ಗೆ ವಿಂಡೋಸ್ ಡಿ ಅಂತ ಹೆಸರು ಕೊಟ್ಟಿತ್ತು. ಹಾಗೇ ಬಿಟ್ಟರೆ ಹಳೇ ಫೈಲು ತೆರೆದಾಗೆಲ್ಲ ಫೋಟೋ ಎಲ್ಲಿ ಅಂತ ಅದು ಕೇಳುತ್ತಾ ಕೂರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರವನ್ನು ಇ ಮಾಡಿದೆ, ಫೋಲ್ಡರ್‌ಗಳ ಹೆಸರನ್ನು ಒಂದಕ್ಷರವೂ ಬದಲಿಸದೆ ಎಕ್ಸ್‌ಟರ್ನಲ್‌ನಿಂದ ವಾಪಸ್ ಹಾಕಿದೆ. ತುಂಬಾ ಹಳೆಯದೊಂದು ಲಗ್ನಪತ್ರಿಕೆ ತೆರೆದೆವು. ಮೂಲೆಯ ಗಣಪತಿ, ಬಾಳೆಕಂಬ, ವಧೂವರರ ಫೋಟೋ ಎಲ್ಲಾ ತಮ್ಮ ತಮ್ಮ ಜಾಗದಲ್ಲೇ ಬಂದು ಕೂತವು.

ಆಮೇಲೆ ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಫೋಲ್ಡರ್‌ಗಳ ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಟ್ಯಾಬ್‌ಗೆ ಹೋಗಿ ಅವನ್ನು ಇ ಡ್ರೈವ್‌ಗೆ ಕಳಿಸಿದೆ. ಸಿ ತುಂಬುತ್ತಿದ್ದುದರ ಬೇರು ಅದೇ ಆಗಿತ್ತು. ಲಿನಕ್ಸ್‌ನಲ್ಲಿ ಡೌನ್‌ಲೋಡ್ಸ್ ಕೂಡ ಅಲ್ಲಿಗೇ ಹೋಗುವಂತೆ ಮಾಡಿದೆ. ಈಗ ವಾಟ್ಸಾಪ್ ಫೋಟೋ ಲಿನಕ್ಸ್‌ನಲ್ಲಿ ಇಳಿಸಿಕೊಂಡರೆ, ವಿಂಡೋಸ್‌ಗೆ ಹೋದಾಗ ಪೇಜ್‌ಮೇಕರ್‌ಗೆ ಅಲ್ಲೇ ಸಿಗುತ್ತದೆ.

ಲಿನಕ್ಸ್ ಬೂಟ್ ಆದ ಕೂಡಲೇ ಈ ಪಾರ್ಟಿಷನ್ ತಾನೇ ತೆರೆಯಲಿ ಅಂತ ಎಫ್‌ಎಸ್‌ಟ್ಯಾಬ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ಬಳಸಬೇಡಿ, ಇನ್ನೊಂದು ಡಿಸ್ಕ್ ಹಾಕಿದಾಗ ಅವು ಅದಲುಬದಲಾಗಬಹುದು. ಒಂದೊಂದು ಪಾರ್ಟಿಷನ್‌ಗೂ ಬೇರೆಯೇ ಇರುವ ಗುರುತಿನ ಸಂಖ್ಯೆ, ಯುಯುಐಡಿ, ಬಳಸಿ. ಫೈಲ್‌ಸಿಸ್ಟಂಗೆ ಎನ್‌ಟಿಎಫ್‌ಎಸ್-3ಜಿ ಅಂತ ಕೊಟ್ಟೆ. ಲಿನಕ್ಸ್ 5.15ರಿಂದ ಕರ್ನಲ್ ಒಳಗೇ ಎನ್‌ಟಿಎಫ್‌ಎಸ್3 ಅನ್ನುವ ವೇಗದ ಡ್ರೈವರ್ ಇದೆ, ಆದರೆ ಈ ಅಂಗಡಿಗೆ ವೇಗಕ್ಕಿಂತ ಬಹುಕಾಲ ಬಳಸಿ ಪಳಗಿದ್ದು ಮುಖ್ಯ. ಆಯ್ಕೆಗಳಲ್ಲಿ ಎರಡನ್ನು ಮರೆಯಬಾರದು. ಒಂದು ನೋಫೇಲ್, ಆ ಪಾರ್ಟಿಷನ್‌ಗೆ ಏನಾದರೂ ಆದರೂ ಬೂಟ್ ನಿಲ್ಲುವುದಿಲ್ಲ. ಇನ್ನೊಂದು ವಿಂಡೋಸ್_ನೇಮ್ಸ್. ಲಿನಕ್ಸ್ ಫೈಲ್ ಹೆಸರಿನಲ್ಲಿ ಕೋಲನ್, ಪ್ರಶ್ನೆ ಗುರುತು ಎಲ್ಲವನ್ನೂ ಒಪ್ಪುತ್ತದೆ. "ಮುಹೂರ್ತ 10:30" ಅಂತ ಅಲ್ಲಿ ಹೆಸರಿಟ್ಟರೆ ವಿಂಡೋಸ್‌ನಲ್ಲಿ ಆ ಫೈಲು ತೆರೆಯುವುದೂ ಇಲ್ಲ, ಅಳಿಸುವುದೂ ಇಲ್ಲ. ಈ ಆಯ್ಕೆ ಇದ್ದರೆ ಲಿನಕ್ಸ್ ಅಲ್ಲೇ ತಡೆಯುತ್ತದೆ.

ಕೆಲಸದ ಪಾರ್ಟಿಷನ್ ಅರೆಬರೆ ಮುಚ್ಚಿಕೊಂಡರೆ ಚೆಕ್‌ಡಿಸ್ಕ್ ಅನ್ನು ವಿಂಡೋಸ್‌ನಿಂದಲೇ ಓಡಿಸಬೇಕು. ಲಿನಕ್ಸ್‌ನ ಎನ್‌ಟಿಎಫ್‌ಎಸ್‌ಫಿಕ್ಸ್ ಪೂರ್ತಿ ರಿಪೇರಿ ಮಾಡುವುದಿಲ್ಲ.

ಈಗಿನ ಸ್ಥಿತಿ, ಉಳಿದ ಕೆಲಸ

ಎರಡೂ ಕಡೆ ಫೈಲು ಬರೆದು, ರೀಸ್ಟಾರ್ಟ್ ಮಾಡಿ ಇನ್ನೊಂದು ಕಡೆ ತೆರೆದು ನೋಡಿದೆವು, ಸರಿಯಾಗಿದೆ. ವಿಂಡೋಸ್ 120ರಲ್ಲಿ ಸುಮಾರು 40 ಬಳಸಿದೆ, ರೂಟ್ 60ರಲ್ಲಿ 20ರ ಹತ್ತಿರ, ಕೆಲಸ 200ರಲ್ಲಿ 130. ಎಸ್‌ಜಿಡಿಸ್ಕ್‌ನಿಂದ ಪಾರ್ಟಿಷನ್ ಪಟ್ಟಿಯ ಕಾಪಿ ತೆಗೆದು ಎಕ್ಸ್‌ಟರ್ನಲ್‌ನಲ್ಲಿ ಇಟ್ಟಿದ್ದೇನೆ. ಹಂಚಿಕೆಯ ಹಾಳೆಯ ಒಂದು ಪ್ರಿಂಟನ್ನು ಕ್ಯಾಬಿನೆಟ್‌ನ ಪಕ್ಕದ ಬಾಗಿಲಿಗೆ ಒಳಗಿನಿಂದ ಅಂಟಿಸಿದೆವು, ಯಾರು ಬಿಚ್ಚಿದರೂ ಮೊದಲು ಅದೇ ಕಣ್ಣಿಗೆ ಬೀಳುತ್ತದೆ.

ಹಳೇ 1 ಟಿಬಿ ಡಿಸ್ಕನ್ನು ಈ ಮದುವೆ ಸೀಸನ್ ಮುಗಿಯುವವರೆಗೆ ಮುಟ್ಟುವುದಿಲ್ಲ. ಯಾವುದಾದರೂ ಫೈಲು ಬಿಟ್ಟುಹೋಗಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಅದನ್ನೂ ಜಿಪಿಟಿ ಮಾಡಿ ಎರಡೇ ಪಾಲು: 150 ಜಿಬಿ ಎಕ್ಸ್ಟ್4 ಟೈಮ್‌ಶಿಫ್ಟ್‌ಗೆ (ಮಿಂಟ್ ಸಿಸ್ಟಂನ ಕಾಪಿ ತೆಗೆದಿಡುವ ಪ್ರೋಗ್ರಾಂ), ಉಳಿದದ್ದು ಎನ್‌ಟಿಎಫ್‌ಎಸ್ ಕೆಲಸದ ದಿನನಿತ್ಯದ ಕಾಪಿಗೆ. ಟೈಮ್‌ಶಿಫ್ಟ್ ತನ್ನ ಕಾಪಿಗಳಲ್ಲಿ ಹಾರ್ಡ್ ಲಿಂಕ್, ಪರ್ಮಿಷನ್ ಎಲ್ಲಾ ಬಳಸುವುದರಿಂದ ಅದಕ್ಕೆ ಲಿನಕ್ಸ್ ಫೈಲ್‌ಸಿಸ್ಟಂ ಬೇಕೇ ಬೇಕು, ಎನ್‌ಟಿಎಫ್‌ಎಸ್‌ನಲ್ಲಿ ಆಗುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ವಾರಕ್ಕೊಮ್ಮೆ ಅಂಗಡಿಗೆ ಬಂದು ಕಾಪಿ ತೆಗೆದುಕೊಂಡು ಮನೆಗೆ ವಾಪಸ್ ಹೋಗುತ್ತದೆ. ಆ ಕೆಲಸ ಚಿಕ್ಕಮ್ಮ ವಹಿಸಿಕೊಂಡಿದ್ದಾರೆ.